ಬೆಟ್ಟದ ತಪ್ಪಲಿನ ಗೃಹಸ್ಥನೂ ಬಂಧುಗಳ ಆಗಮನವೂ

ಶ್ರಾವಣಮಾಸವು ಸಮೀಪಿಸಿತೆಂದರೆ ಗುಂಡ್ಲುಪೇಟೆ, ಹಂಗಳ ಮತ್ತು ಸುತ್ತಲಿನ ಗ್ರಾಮಗಳಲ್ಲಿ ನೆಲೆಸಿರುವ ನಮ್ಮ ಗೃಹಸ್ಥರ ಮನೆಗಳಲ್ಲಿ ಒಂದು ಬಗೆಯ ಸಂಭ್ರಮವೂ, ಅದರೊಡನೆಯೇ ಬಾಯಿಬಿಟ್ಟು ಹೇಳಲಾಗದ ಒಂದು ಅಳುಕೂ ತಲೆದೋರುವುದುಂಟು. ಸಂಭ್ರಮವು ಹಿಮವದ್ ಗೋಪಾಲಸ್ವಾಮಿಯ ಸನ್ನಿಧಿಯ ಶ್ರಾವಣ ಶನಿವಾರಗಳಿಂದ ಉಂಟಾದುದು. ಅಳುಕು, ಆ ಸ್ವಾಮಿಯ ದರ್ಶನಾರ್ಥವಾಗಿ ದೂರದ ಊರುಗಳಿಂದ ಬಂದಿಳಿಯುವ ಬಂಧುಬಳಗದಿಂದ ಉಂಟಾದುದು. ಮೊದಲನೆಯದನ್ನು ಕುರಿತು ಉಪನ್ಯಾಸಗಳು ಪ್ರತಿವರ್ಷವೂ ನಡೆಯುತ್ತವೆ. ಎರಡನೆಯದನ್ನು ಯಾರೂ ಎತ್ತುವುದಿಲ್ಲವಾದ್ದರಿಂದ ಈ ಸಲ ಅದನ್ನೇ ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ಬೆಟ್ಟವನ್ನು ವಾಚಕರಲ್ಲಿ ಅನೇಕರು ಕಂಡವರೇ. ಸಮುದ್ರಮಟ್ಟದಿಂದ 1454 ಮೀಟರ್ ಎತ್ತರದಲ್ಲಿರುವ ಈ ಗಿರಿಶಿಖರವು ಸದಾ ಮಂಜಿನಿಂದ ಆವೃತವಾಗಿರುವುದರಿಂದ ಸ್ವಾಮಿಗೆ ಹಿಮವದ್ ಎಂಬ ವಿಶೇಷಣವು ಸೇರಿಕೊಂಡಿತು. ಕೊಳಲನ್ನೂದುವ ಗೋಪಾಲನ ಈ ಗುಡಿಯನ್ನು ಹೊಯ್ಸಳ ಬಲ್ಲಾಳನು 1315ರಲ್ಲಿ ಕಟ್ಟಿಸಿದನೆಂದು ಪ್ರತೀತಿಯಿದೆ. ಮುಂದೆ ಮೈಸೂರಿನ ಅರಸರು ಭಕ್ತಿಯಿಂದ ಪೋಷಿಸಿದರು. ಆದರೆ ಬೆಟ್ಟವು ಬಂಡೀಪುರದ ಹುಲಿ ಸಂರಕ್ಷಿತ ಅರಣ್ಯದ ಒಳಗಿರುವುದು. ಸ್ವಂತ ವಾಹನಗಳು ತಪ್ಪಲಿನಲ್ಲಿಯೇ ನಿಲ್ಲಬೇಕು. ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲೇರಬೇಕು. ಸಂಜೆಗೆ ಮುನ್ನ ಕೆಳಗಿಳಿದುಬಿಡಬೇಕು. ರಾತ್ರಿ ಮೇಲೆ ತಂಗುವಂತಿಲ್ಲ. ದೇವರು ಮೇಲೆ, ಹಾಸಿಗೆ ಕೆಳಗೆ ಎಂಬ ಈ ಏರ್ಪಾಡಿನ ಭಾರವು ಕೆಳಗಿನ ನಾಲ್ಕಾರು ಮನೆಗಳ ಮೇಲೆ ಬೀಳುತ್ತದೆ.

ಇದರೊಡನೆ ಇನ್ನೊಂದು ಸಂದರ್ಭವೂ ಕೂಡಿಕೊಂಡಿದೆ. ಶ್ರಾವಣ ಬಹುಳ ಪ್ರತಿಪತ್, ದ್ವಿತೀಯ, ತೃತೀಯಗಳಲ್ಲಿ ಶ್ರೀ ರಾಘವೇಂದ್ರತೀರ್ಥರ ಆರಾಧನೆ. ಬೆಂಗಳೂರಿನವರೂ ಮೈಸೂರಿನವರೂ ನಂಜನಗೂಡಿನ ರಾಯರ ಮಠದಲ್ಲಿ ಆರಾಧನೆಯನ್ನು ಮುಗಿಸಿಕೊಂಡು, "ಹೇಗೂ ಇಷ್ಟು ದೂರ ಬಂದಿದ್ದೇವೆ, ಶನಿವಾರ ಬೆಟ್ಟವನ್ನೂ ನೋಡಿಬಿಡೋಣ, ಗುಂಡ್ಲುಪೇಟೆಯಲ್ಲಿ ಹೇಗೂ ನಮ್ಮವರಿದ್ದಾರೆ" ಎಂದುಕೊಳ್ಳುತ್ತಾರೆ. ಈ ಎರಡು "ಹೇಗೂ"ಗಳ ನಡುವೆ ಒಂದು ಸಂಸಾರವು ಸಿಕ್ಕಿಕೊಂಡಿದೆ ಎಂಬುದು ಅವರಿಗೆ ಹೊಳೆಯುವುದಿಲ್ಲ.

ಮಹಾನಗರದಲ್ಲಿ ಬಂಧುಗಳು ಬಂದರೆ ಅರ್ಧ ಭಾರವನ್ನು ನಗರವೇ ಹೊರುತ್ತದೆ. ಬೀದಿಯ ತುದಿಯಲ್ಲಿ ಉಪಾಹಾರಗೃಹವಿದೆ, ವಸತಿಗೃಹವಿದೆ, ಬೇಡವಾದರೆ ಹೊತ್ತು ಕಳೆಯಲು ನೂರು ಸ್ಥಳಗಳಿವೆ. ಚಿಕ್ಕ ಊರಿನಲ್ಲಿ ಬಂದವರಿಗೆ ಮನೆಯೇ ಎಲ್ಲವೂ ಆಗಬೇಕು. ಅದರಲ್ಲಿಯೂ ಮಡಿಯ ಅಡಿಗೆಯನ್ನೇ ಬಯಸುವ ಹಿರಿಯರು ಜೊತೆಗಿದ್ದರೆ ಅನ್ಯಮಾರ್ಗವೇ ಇಲ್ಲ. ಅಲ್ಲದೆ ಚಿಕ್ಕ ಊರಿನಲ್ಲಿ ಗುಟ್ಟೆಂಬುದಿಲ್ಲ. ಬೆಳಿಗ್ಗೆ ಎರಡು ಲೀಟರು ಹಾಲು ಹೆಚ್ಚಾಗಿ ತೆಗೆದುಕೊಂಡರೆ ಮಧ್ಯಾಹ್ನದೊಳಗೆ ಬೀದಿಗೆಲ್ಲ ನೆಂಟರ ಸಂಖ್ಯೆ ತಿಳಿದಿರುತ್ತದೆ; ಅವರಿಗೆ ಏನು ಬಡಿಸಿದರು, ಎಷ್ಟು ದಿನ ಇರಿಸಿಕೊಂಡರು ಎಂಬುದೂ ತಿಳಿದಿರುತ್ತದೆ. ಉಪಚಾರದಲ್ಲಿ ಎಷ್ಟು ಭಾಗ ಪ್ರೀತಿಯಿಂದ, ಎಷ್ಟು ಭಾಗ ಬೀದಿಯ ಭಯದಿಂದ ಎಂದು ಅಳೆದು ನೋಡಿದವರಿಲ್ಲ.

ಒಂದು ಪ್ರವಚನವು ಮುಗಿದ ಬಳಿಕ ಈ ಸೀಮೆಯ ಗೃಹಿಣಿಯೊಬ್ಬರು ನಮ್ಮ ಬಳಿ ನಿಂತು ಕೇಳಿದ ಪ್ರಶ್ನೆಯೇ ಈ ಬರೆಹಕ್ಕೆ ಮೂಲ. ಅವರ ಅತ್ತೆಯವರು ಹಾಸಿಗೆ ಹಿಡಿದಿದ್ದಾರೆ. ಮನೆಗೆ ನೀರು ದಿನಬಿಟ್ಟು ದಿನ ಬರುತ್ತದೆ. ಪತಿಯ ಅಕ್ಕನವರು ದೂರವಾಣಿಯಲ್ಲಿ, ಹದಿನಾಲ್ಕು ಜನ ಬರುತ್ತಿದ್ದೇವೆ, ಎರಡು ರಾತ್ರಿ ಇರುತ್ತೇವೆ ಎಂದು ತಿಳಿಸಿದರು. ಪತಿಯು "ಧಾರಾಳವಾಗಿ ಬನ್ನಿ ಅಕ್ಕ, ಇದು ನಿಮ್ಮ ಮನೆ" ಎಂದು ಹೇಳಿ, ದೂರವಾಣಿಯನ್ನಿಟ್ಟು, ಕಚೇರಿಗೆ ಹೊರಟುಹೋದರು. "ಬರಬೇಡಿ ಎಂದರೆ ಅತಿಥಿದ್ರೋಹವಾಗುತ್ತದೆಯೇ? ಬನ್ನಿ ಎಂದು ಹೇಳಿ ಒಳಗೊಳಗೆ ಶಪಿಸಿದರೆ ಅದು ಯಾವ ಪಾಪ? ಎರಡರಲ್ಲಿ ಯಾವುದು ಕಡಿಮೆ?" ಎಂದು ಅವರು ಕೇಳಿದರು. ಪ್ರಶ್ನೆಯು ಸಣ್ಣದೆಂದು ನಗುವವರು ನಗಲಿ. ನಮಗೆ ಇದು ನಿಜವಾದ ಧರ್ಮಸೂಕ್ಷ್ಮವೆಂದೇ ತೋರಿತು.

ಮೊದಲು, ಬಹುಜನರು ಹಿಡಿಯುವ ಮೂರನೆಯ ದಾರಿಯನ್ನು ನೋಡೋಣ. ಅದು ಸುಳ್ಳಿನ ದಾರಿ. "ಆ ಶನಿವಾರ ನಾವೇ ಊರಿನಲ್ಲಿರುವುದಿಲ್ಲ, ಮೈಸೂರಿನಲ್ಲಿ ಒಂದು ಉಪನಯನವಿದೆ." ನಗರದಲ್ಲಿ ಈ ಸುಳ್ಳು ಬದುಕಿಕೊಂಡೀತು. ಗುಂಡ್ಲುಪೇಟೆಯಲ್ಲಿ ಬದುಕುವುದಿಲ್ಲ. ಬಂದ ಬಂಧುಗಳು ಬಸ್ಸುನಿಲ್ದಾಣದಲ್ಲಿಯೇ ಎದುರಾಗುತ್ತಾರೆ; ತಪ್ಪಿದರೆ ಪಕ್ಕದ ಮನೆಯವರೇ "ಬೆಳಿಗ್ಗೆ ರಂಗೋಲಿ ಹಾಕುತ್ತಿದ್ದರಲ್ಲ" ಎಂದು ಸಾಕ್ಷಿ ನುಡಿಯುತ್ತಾರೆ. ಸಿಕ್ಕಿಬೀಳುವ ಭಯ ಹಾಗಿರಲಿ, ಶಾಸ್ತ್ರದೃಷ್ಟಿಯಿಂದಲೂ ಈ ಮಾತು ನಿಲ್ಲುವುದಿಲ್ಲ. ಕರ್ಣಪರ್ವದಲ್ಲಿ ಶ್ರೀಕೃಷ್ಣನು ಅರ್ಜುನನಿಗೆ ಹೇಳಿದ ಕೌಶಿಕನ ಕಥೆಯನ್ನು ಕೆಲವರು ಇಂತಹ ಸಮಯದಲ್ಲಿ ಎತ್ತಿ ತೋರುತ್ತಾರೆ. ಅಲ್ಲಿ ಕೌಶಿಕನು ನಿಜವನ್ನೇ ನುಡಿದು, ಅಡಗಿಕೊಂಡಿದ್ದ ನಿರಪರಾಧಿಗಳನ್ನು ದಸ್ಯುಗಳ ಕೈಗೆ ಕೊಟ್ಟು ನರಕವನ್ನು ಪಡೆದನು. ಪ್ರಾಣರಕ್ಷಣೆಗೆ ವಿಧಿಸಿದ ಆ ವಿನಾಯಿತಿಯನ್ನು ಹದಿನಾಲ್ಕು ಎಲೆಯ ಅಡಿಗೆಯನ್ನು ತಪ್ಪಿಸಿಕೊಳ್ಳುವುದಕ್ಕೆ ಬಳಸುವುದು ಸಾಹಸವೇ ಸರಿ.

ಇನ್ನು ಅತಿಥಿ ಯಾರು? ತೈತ್ತಿರೀಯವು ಅತಿಥಿಯನ್ನು ದೇವರೆಂದು ಕಾಣಲು ವಿಧಿಸಿದೆ. ಮನೆಗೆ ಬಂದವರನ್ನು ಹಿಂದಿರುಗಿಸಬಾರದೆಂದೂ, ಆದ್ದರಿಂದಲೇ ಅನ್ನವನ್ನು ಬಹುವಾಗಿ ಸಂಪಾದಿಸಬೇಕೆಂದೂ ಹೇಳಿದೆ. ಇದು ಎಲ್ಲರಿಗೂ ತಿಳಿದುದು. ಅಷ್ಟಾಗಿ ತಿಳಿಯದಿರುವುದು ಮನುವಿನ ಮಾತು. ಒಂದು ರಾತ್ರಿ ಮಾತ್ರ ತಂಗುವವನೇ ಅತಿಥಿಯೆಂದು ಅವನು ಲಕ್ಷಣವನ್ನು ಹೇಳುತ್ತಾನೆ. ನಿತ್ಯವಾಗಿ ನಿಲ್ಲದಿರುವುದರಿಂದಲೇ ಅವನಿಗೆ ಆ ಹೆಸರು. ಮಿತ್ರರನ್ನೂ ಬಂಧುಗಳನ್ನೂ ಅವನು ಈ ಗುಂಪಿನಿಂದ ಬೇರ್ಪಡಿಸಿ, ಅವರು ಪ್ರೀತಿಯಿಂದ ಮನೆಗೆ ಬಂದಾಗ ಯಥಾಶಕ್ತಿಯಾಗಿ ಅನ್ನವನ್ನಿಕ್ಕಬೇಕೆಂದು ವಿಧಿಸುತ್ತಾನೆ. ಯಥಾಶಕ್ತಿ ಎಂಬ ಪದವನ್ನು ನಾವು ಆಮಂತ್ರಣಪತ್ರಿಕೆಗಳಲ್ಲಿ ಬಳಸಿ ಬಳಸಿ ಸವೆಸಿದ್ದೇವೆ. ಅದಕ್ಕೆ ಎರಡು ಅಂಚುಗಳಿವೆ. ಶಕ್ತಿಯಿದ್ದಷ್ಟನ್ನು ಮಾಡಲೇಬೇಕು; ಶಕ್ತಿಯನ್ನು ಮೀರಿದುದನ್ನು ಶಾಸ್ತ್ರವು ಕೇಳಿಲ್ಲ. ಪ್ರಸಂಗವಶಾತ್ ಬರುವವರಿಗೂ ಒಂದು ಮಾತಿದೆ: ಬುದ್ಧಿಯಿಲ್ಲದೆ ಪರರ ಮನೆಯ ಅಡಿಗೆಯನ್ನೇ ಅರಸಿಕೊಂಡು ತಿರುಗುವ ಗೃಹಸ್ಥರು ಮುಂದಿನ ಜನ್ಮದಲ್ಲಿ ಆ ಅನ್ನದಾತರ ಮನೆಯ ಪಶುಗಳಾಗುತ್ತಾರೆಂದು ಮನುವು ಎಚ್ಚರಿಸಿದ್ದಾನೆ. ಈ ಭಾಗವನ್ನು ಉಪನ್ಯಾಸಗಳಲ್ಲಿ ಏಕೆ ಬಿಟ್ಟುಬಿಡುತ್ತಾರೋ ತಿಳಿಯದು.

ಊಟದ ಕ್ರಮದಲ್ಲಿಯೂ ಗಮನಿಸಬೇಕಾದ ವಿಧಿಯಿದೆ. ಗೃಹಸ್ಥ ದಂಪತಿಗಳು ಎಲ್ಲರ ಬಳಿಕ ಉಣ್ಣಬೇಕೆಂಬುದನ್ನು ನಮ್ಮ ಮನೆಗಳಲ್ಲಿ ಬಿಗಿಯಾಗಿ ಪಾಲಿಸುತ್ತಾರೆ, ಅಂದರೆ ದಂಪತಿಗಳಲ್ಲಿ ಒಬ್ಬರು ಪಾಲಿಸುತ್ತಾರೆ. ಆದರೆ ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು, ಬಾಲಕಿಯರು, ರೋಗಿಗಳು, ಗರ್ಭಿಣಿಯರು ಇವರಿಗೆ ಅತಿಥಿಗಳಿಗಿಂತ ಮೊದಲೇ, ಹಿಂದುಮುಂದು ನೋಡದೆ, ಊಟವಿಕ್ಕಬೇಕೆಂದು ಅದೇ ಮನುವು ಅದೇ ಪ್ರಕರಣದಲ್ಲಿ ಹೇಳಿದ್ದಾನೆ. ಬೆಟ್ಟಕ್ಕೆ ಹೋದವರು ಹನ್ನೊಂದಕ್ಕೆ ಬರುತ್ತೇವೆಂದು ಹೇಳಿರುತ್ತಾರೆ. ಬಸ್ಸಿಗೆ ಸಾಲು, ದರ್ಶನಕ್ಕೆ ಸಾಲು, ಮೇಲೆ ಮಂಜು ಕವಿದು ಹತ್ತು ಮಾರು ಮುಂದೆ ಏನೂ ಕಾಣಿಸದು, ಬರುವಾಗ ಎರಡೂವರೆ. ಅಷ್ಟು ಹೊತ್ತು ಮಧುಮೇಹವಿರುವ ವೃದ್ಧರನ್ನು "ಬಂದವರು ಉಣ್ಣದೆ ನಾವು ಹೇಗೆ ಉಣ್ಣುವುದು" ಎಂದು ಹಸಿದಿರಿಸುವ ಮನೆಗಳನ್ನು ನಾವು ಬಲ್ಲೆವು. ಇದು ಆಚಾರವೆಂದು ಅವರು ತಿಳಿದಿದ್ದಾರೆ. ಶಾಸ್ತ್ರವು ಇದಕ್ಕೆ ವಿರುದ್ಧವಾಗಿದೆ.

ಇಲ್ಲಿ ಅಂಬರೀಷನ ಉಪಾಖ್ಯಾನವು ನೆನಪಾಗದಿರದು. ಭಾಗವತದ ನವಮಸ್ಕಂಧದ ಈ ಕಥೆಯನ್ನು ನಾವು ಏಕಾದಶಿಯ ಮಹಿಮೆಗಾಗಿಯೂ ಸುದರ್ಶನದ ಮಹಿಮೆಗಾಗಿಯೂ ಹೇಳುತ್ತೇವೆ. ಆದರೆ ಅದು ಬಂದ ಅತಿಥಿಯು ಹೊತ್ತಿಗೆ ಸರಿಯಾಗಿ ಊಟಕ್ಕೆ ಬಾರದ ಕಥೆಯೂ ಹೌದು. ದೂರ್ವಾಸರು ಸ್ನಾನಕ್ಕೆಂದು ನದಿಗೆ ಹೋದವರು ಹಿಂದಿರುಗಲಿಲ್ಲ. ದ್ವಾದಶಿಯ ಪಾರಣೆಯ ಕಾಲವು ಮೀರುತ್ತಲಿತ್ತು. ಕಾದರೆ ವ್ರತಭಂಗ, ಉಂಡರೆ ಅತಿಥಿಯ ಅವಮಾನ. ರಾಜನು ಏನು ಮಾಡಿದನು? ವಿಪ್ರರೊಡನೆ ವಿಚಾರ ಮಾಡಿದನು. ನೀರನ್ನು ಮಾತ್ರ ಕುಡಿದನು. ಕುಡಿದ ಮೇಲೂ ಅತಿಥಿಗಾಗಿ ಕಾದನು. ಮುನಿಯು ಚಕ್ರದ ಭಯದಿಂದ ಲೋಕಗಳನ್ನೆಲ್ಲ ಸುತ್ತಿ ಒಂದು ವರ್ಷದ ಬಳಿಕ ಮರಳುವವರೆಗೆ ಅವನು ನೀರಿನಲ್ಲಿಯೇ ಇದ್ದನೆಂದು ಭಾಗವತವು ಹೇಳುತ್ತದೆ. ತನ್ನ ಹಸಿವನ್ನು ಅವನು ಒಂದು ವರ್ಷ ಕೊಟ್ಟನು. ಅಂತಃಪುರದವರನ್ನೂ ಪರಿಜನರನ್ನೂ ಹಾಗೆಯೇ ಉಪವಾಸವಿರಿಸಿದನೆಂದು ಎಲ್ಲಿಯೂ ಇಲ್ಲ.

ತನ್ನದನ್ನು ಕೊಡುವುದು ಬೇರೆ, ಇನ್ನೊಬ್ಬರದನ್ನು ಕೊಡುವುದು ಬೇರೆ. ನಮ್ಮ ಮಟ್ಟಿಗೆ ವಿಷಯದ ಗಂಟು ಇರುವುದು ಇಲ್ಲಿಯೇ. ಇದನ್ನು ಬಿಡಿಸುವುದಕ್ಕೆ ಆಶ್ವಮೇಧಿಕಪರ್ವದ ಮುಂಗುಸಿಯ ಕಥೆಗಿಂತ ಉತ್ತಮವಾದುದು ಬೇರೊಂದಿಲ್ಲ. ಯುಧಿಷ್ಠಿರನ ಅಶ್ವಮೇಧವು ಮುಗಿದಾಗ, ಅರ್ಧ ಮೈ ಚಿನ್ನವಾದ ಮುಂಗುಸಿಯೊಂದು ಬಂದು, ಈ ಯಜ್ಞವು ಕುರುಕ್ಷೇತ್ರದ ಉಂಛವೃತ್ತಿಯ ಬ್ರಾಹ್ಮಣನ ಒಂದು ಪ್ರಸ್ಥ ಹಿಟ್ಟಿಗೆ ಸಮವಲ್ಲವೆಂದು ನುಡಿಯಿತು. ಕ್ಷಾಮದ ಕಾಲದಲ್ಲಿ ಆ ಬ್ರಾಹ್ಮಣನು, ಅವನ ಪತ್ನಿ, ಮಗ, ಸೊಸೆ ನಾಲ್ವರೂ ಜವೆಯ ಹಿಟ್ಟನ್ನು ಪಾಲುಮಾಡಿಕೊಂಡು ಇನ್ನೇನು ಉಣ್ಣಬೇಕು, ಅಷ್ಟರಲ್ಲಿ ಅತಿಥಿಯು ಬಂದನು. ಬ್ರಾಹ್ಮಣನು ತನ್ನ ಪಾಲನ್ನು ಕೊಟ್ಟನು. ಅತಿಥಿಗೆ ತೃಪ್ತಿಯಾಗಲಿಲ್ಲ.

ಮುಂದಿನದನ್ನು ನಮ್ಮ ಉಪನ್ಯಾಸಕರು ಅವಸರದಿಂದ ದಾಟಿಬಿಡುತ್ತಾರೆ. ಪತ್ನಿಯು ತಾನಾಗಿ ತನ್ನ ಪಾಲನ್ನು ಮುಂದೆ ತಂದಳು. ಬ್ರಾಹ್ಮಣನು ಕೂಡಲೆ ಅದನ್ನು ತೆಗೆದುಕೊಳ್ಳಲಿಲ್ಲ. ಕ್ರಿಮಿಕೀಟಗಳೂ ತಮ್ಮ ಸಂಗಾತಿಯನ್ನು ಪೋಷಿಸುವಾಗ, ಹಸಿದು ಬಳಲಿರುವ ಇವಳ ಅನ್ನವನ್ನು ನಾನು ಕಿತ್ತುಕೊಡುವುದು ಹೇಗೆ ಎಂದು ಹಿಂಜರಿದನು. ಅವಳೇ ಅವನನ್ನು ಒಪ್ಪಿಸಿದಳು. ಮಗನ ಪಾಲಿನ ಬಳಿಕ ಸೊಸೆಯ ಸರದಿ ಬಂದಾಗಲೂ ಅವನು, ಕೃಶಳಾದ ಈ ಎಳೆಯ ಹೆಣ್ಣಿನ ಪಾಲನ್ನು ಹೇಗೆ ತೆಗೆದುಕೊಳ್ಳಲಿ ಎಂದು ತಡೆದನು. ಅವಳೂ ತಾನೇ ಒತ್ತಾಯಪಡಿಸಿದಳು. ಒಂದು ಹಿಡಿ ಹಿಟ್ಟಿನ ದಾನದಲ್ಲಿ ಪ್ರತಿಯೊಬ್ಬರ ಸಮ್ಮತಿಗಾಗಿಯೂ ಕಥೆಯು ನಿಂತು ಕಾಯುತ್ತದೆ. ಆ ಮನೆಯಲ್ಲಿ ಯಜಮಾನನು ಸೊಸೆಯ ಪಾಲನ್ನು ತನ್ನ ಔದಾರ್ಯವೆಂದು ಕೊಡಲಿಲ್ಲ. ಮುಂಗುಸಿಯ ಮೈಯನ್ನು ಚಿನ್ನವಾಗಿಸಿದ್ದು ಆ ಹಿಟ್ಟಿನ ಕಣಗಳು.

ಈಗ ಗುಂಡ್ಲುಪೇಟೆಯ ಮನೆಗೆ ಬರೋಣ. "ಧಾರಾಳವಾಗಿ ಬನ್ನಿ" ಎಂದ ಪತಿಯು ಯಾರ ಪಾಲನ್ನು ಕೊಟ್ಟನು? ನಸುಕಿನಲ್ಲಿ ಎದ್ದು ಮಡಿನೀರು ತುಂಬುವುದು, ಒಲೆಯ ಮುಂದೆ ಆರು ಗಂಟೆ ನಿಲ್ಲುವುದು, ಪಂಕ್ತಿಯಾದ ಮೇಲೆ ಪಂಕ್ತಿ ಬಡಿಸಿ ಗೋಮಯ ಹಚ್ಚುವುದು, ನಡುನಡುವೆ ಹಾಸಿಗೆಯಲ್ಲಿರುವ ಅತ್ತೆಯವರನ್ನು ಮಗ್ಗುಲು ಹೊರಳಿಸುವುದು: ಇವುಗಳಲ್ಲಿ ಅವನ ಪಾಲು ಎಷ್ಟು? ನಾಲಗೆಯಿಂದ ಕೊಟ್ಟ ದಾನವನ್ನು ಮತ್ತೊಬ್ಬರ ಬೆನ್ನು ಪೂರೈಸಬೇಕಾಗಿದೆ. ಪುಣ್ಯವು ಹೀಗೆ ಬಂದೀತೆಂದು ನಮಗೆ ತೋರುವುದಿಲ್ಲ. ನಮ್ಮ ಸಿದ್ಧಾಂತದಲ್ಲಿ ಶ್ರೀಹರಿಯು ಪ್ರತಿಯೊಬ್ಬ ಜೀವನಲ್ಲಿಯೂ ಬಿಂಬರೂಪಿಯಾಗಿ ಸನ್ನಿಹಿತನಾಗಿದ್ದಾನೆ. ಅತಿಥಿಪೂಜೆಯು ಅತಿಥಿಯ ಅಂತರ್ಯಾಮಿಯ ಪೂಜೆಯಾಗುವುದು ಆ ಕಾರಣದಿಂದ. ಆ ಅಂತರ್ಯಾಮಿಯು ಪಡಸಾಲೆಯಲ್ಲಿ ಕುಳಿತವರಲ್ಲಿ ಮಾತ್ರವಿದ್ದು ಒಲೆಯ ಮುಂದೆ ನಿಂತವಳಲ್ಲಿ ಇಲ್ಲವೆಂದು ಯಾವ ಗ್ರಂಥವೂ ಹೇಳಿಲ್ಲ.

ಹೀಗೆಂದರೆ ಒಂದು ಆಕ್ಷೇಪವು ಬರುವುದು ಸಹಜ. ಮೊದಲೇ ಸಂಕುಚಿತವಾಗುತ್ತಿರುವ ಕಾಲದಲ್ಲಿ ಇದು ಸ್ವಾರ್ಥಿಗಳಿಗೆ ಶಾಸ್ತ್ರದ ಬೆಂಬಲವನ್ನು ಒದಗಿಸಿಕೊಟ್ಟಂತಾಗಲಿಲ್ಲವೇ? ಆಕ್ಷೇಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಈ ಚಿಕ್ಕ ಊರುಗಳ ಎಷ್ಟೋ ಕುಟುಂಬಗಳು ತಲೆಯೆತ್ತಿ ನಿಂತಿರುವುದು ದೊಡ್ಡ ಊರುಗಳ ಬಂಧುಗಳ ಅನ್ನದಿಂದ. ಹಿಂದೆ ನಮ್ಮ ಹುಡುಗರು ಮೈಸೂರಿನಲ್ಲಿ ವಾರಾನ್ನದಿಂದ ಓದಿದರು. ಸೋಮವಾರಕ್ಕೊಂದು ಮನೆ, ಮಂಗಳವಾರಕ್ಕೊಂದು ಮನೆ. ಆ ಮನೆಗಳ ಗೃಹಿಣಿಯರಿಗೂ ಬೆನ್ನುನೋವಿತ್ತು. ಇಂದಿಗೂ ದೊಡ್ಡ ಆಸ್ಪತ್ರೆಯ ಕೆಲಸ ಬಿದ್ದರೆ ಮೈಸೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಒಬ್ಬ ಚಿಕ್ಕಪ್ಪನ, ಒಬ್ಬ ಸೋದರತ್ತೆಯ ಮನೆಯ ಬಾಗಿಲು ತೆರೆಯುತ್ತದೆ. ಈ ಋಣವನ್ನು ಮರೆತು "ನಮಗೆ ಅನುಕೂಲವಿಲ್ಲ" ಎನ್ನುವವನಿಗೆ ನಮ್ಮ ಈ ಬರೆಹದಲ್ಲಿ ಯಾವ ಆಶ್ರಯವೂ ಇಲ್ಲ. ತನಗಾಗಿ ಮಾತ್ರ ಅಡಿಗೆ ಮಾಡಿಕೊಳ್ಳುವವನು ಉಣ್ಣುವುದು ಪಾಪವನ್ನೇ ಎಂದು ಗೀತೆಯ ಮೂರನೆಯ ಅಧ್ಯಾಯವು ಹೇಳುವಾಗ ಅಲ್ಲಿ ಯಾವ ವಿನಾಯಿತಿಯೂ ಕಾಣಿಸದು.

ಆದ್ದರಿಂದ ಆ ಗೃಹಿಣಿಗೆ ನಾವು ಹೇಳಿದ ಉತ್ತರ ಇದು. ಬರಬೇಡಿರೆಂದು ಹೇಳಬೇಡಿ. ಇರುವುದನ್ನು ಇರುವಂತೆ ಹೇಳಿ. ಹೇಳುವವರು ನೀವಲ್ಲ, ನಿಮ್ಮ ಯಜಮಾನರು. "ಅಕ್ಕ, ಅಮ್ಮನಿಗೆ ಹೀಗಿದೆ. ಒಂದು ರಾತ್ರಿ ಆರು ಜನಕ್ಕೆ ಹಾಸಿಗೆಯುಂಟು. ಉಳಿದವರು ನಂಜನಗೂಡಿನಲ್ಲಿ ತಂಗಿ ಬೆಳಿಗ್ಗೆ ನೇರವಾಗಿ ಬೆಟ್ಟಕ್ಕೆ ಬಂದರೆ ಮಧ್ಯಾಹ್ನ ಎಲ್ಲರಿಗೂ ಇಲ್ಲಿಯೇ ತೀರ್ಥಪ್ರಸಾದ. ಬಂದವರಲ್ಲಿ ಇಬ್ಬರು ಹೆಂಗಸರು ಮಡಿಯುಟ್ಟು ಕೈಗೂಡಿಸಬೇಕು, ನೀರು ನಾನು ತುಂಬುತ್ತೇನೆ." ಈ ಮಾತಿನಲ್ಲಿ ಸುಳ್ಳಿಲ್ಲ, ಕಟುತ್ವವೂ ಇಲ್ಲ. ತೃಣಾಸನ, ನೆಲ, ನೀರು, ಒಳ್ಳೆಯ ಮಾತು ಈ ನಾಲ್ಕು ಸಜ್ಜನರ ಮನೆಯಲ್ಲಿ ಎಂದಿಗೂ ಇಲ್ಲದಾಗುವುದಿಲ್ಲವೆಂದು ಸ್ಮೃತಿಯು ಹೇಳುತ್ತದೆ. ಮಳೆಯ ನೆರಳಿನ ಈ ಸೀಮೆಯಲ್ಲಿ ಮೂರನೆಯದಕ್ಕೆ ಕೊರತೆಯಿದ್ದರೂ ನಾಲ್ಕನೆಯದಕ್ಕೆ ಮಳೆ ಬೇಕಾಗಿಲ್ಲ.

ಭಕ್ಷ್ಯಭೋಜ್ಯಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಆರಾಧನೆಯ ಹೊತ್ತಿಗೆ ದಧಿವ್ರತವು ನಡೆಯುತ್ತಿರುತ್ತದೆ. ಮೊಸರಿಲ್ಲದ ಎಲೆಯನ್ನು ಕಂಡು ನಗರದ ಮಕ್ಕಳು ಮುಖ ಸಣ್ಣಗೆ ಮಾಡಿಕೊಳ್ಳುತ್ತಾರೆಂದು ಕೆಲವು ಮನೆಗಳಲ್ಲಿ ಗುಟ್ಟಾಗಿ ಬೇರೆ ಏರ್ಪಾಡು ಮಾಡುವುದನ್ನು ಕೇಳಿದ್ದೇವೆ. ಅದು ಬೇಡ. ವ್ರತವಿರುವ ಮನೆಯ ಸಾರು ಅನ್ನವನ್ನು ಉಂಡು, ಇದೇಕೆ ಹೀಗೆ ಎಂದು ಆ ಮಕ್ಕಳು ಕೇಳಿದರೆ, ಅವರ ಅಜ್ಜಿಗೆ ಚಾತುರ್ಮಾಸ್ಯದ ನಾಲ್ಕು ವ್ರತಗಳನ್ನು ಹೇಳಿಕೊಡಲು ಅವಕಾಶವಾದರೂ ಆದೀತು.

ಇನ್ನೊಂದು ಬಗೆಯ ಆಗಮನವಿದೆ. ಅದಕ್ಕೆ ಮೇಲಿನ ಯಾವ ಲೆಕ್ಕಾಚಾರವೂ ಅನ್ವಯಿಸುವುದಿಲ್ಲ. ಊಟಿಗೆ ಹೋಗುವ ದಾರಿಯೂ ವಯನಾಡಿಗೆ ಹೋಗುವ ದಾರಿಯೂ ಗುಂಡ್ಲುಪೇಟೆಯಿಂದ ಮುಂದೆ ಬಂಡೀಪುರದ ಕಾಡನ್ನು ಹಾದುಹೋಗುತ್ತವೆ. ವನ್ಯಮೃಗಗಳ ರಕ್ಷಣೆಗಾಗಿ 2009ರಿಂದ ಅಲ್ಲಿ ರಾತ್ರಿಯ ಸಂಚಾರಕ್ಕೆ ನಿರ್ಬಂಧವು ಬಂದಿತು. ರಾತ್ರಿ 9 ಗಂಟೆಗೆ ದ್ವಾರವನ್ನು ಮುಚ್ಚಿದರೆ ಮತ್ತೆ ತೆರೆಯುವುದು ಬೆಳಿಗ್ಗೆ 6ಕ್ಕೆ. ಬೆಟ್ಟದಿಂದ ತಡವಾಗಿ ಇಳಿದು, ದಾರಿಯಲ್ಲಿ ವಾಹನ ಕೆಟ್ಟು, ಹತ್ತು ನಿಮಿಷದ ಅಂತರದಿಂದ ದ್ವಾರವು ತಪ್ಪಿಹೋಗಿ ಹಿಂದಿರುಗಿದವರು, ಯಾರದೋ ಮಾತಿನಿಂದ ವಿಳಾಸವನ್ನು ತಿಳಿದು, ಹತ್ತು ಗಂಟೆಗೆ ಬಾಗಿಲು ತಟ್ಟುತ್ತಾರೆ. ಅವರು ಅಕ್ಕನಲ್ಲ, ಭಾವನಲ್ಲ. ಗೋತ್ರ ಪ್ರವರಗಳನ್ನು ಕೇಳುವ ಹೊತ್ತೂ ಅದಲ್ಲ. ಸಂಜೆಯ ಸೂರ್ಯನೇ ತಂದುಬಿಟ್ಟ ಅತಿಥಿಯನ್ನು ಹಿಂದಕ್ಕೆ ಕಳುಹಿಸಬಾರದು, ಹೊತ್ತಿಗೆ ಬಂದಿರಲಿ ಹೊತ್ತು ಮೀರಿ ಬಂದಿರಲಿ ಅವನು ಉಣ್ಣದೆ ಮನೆಯಲ್ಲಿ ಮಲಗಬಾರದು ಎಂದು ಮನುವು ಹೇಳಿದ್ದು ಇವರನ್ನು ಕುರಿತೇ. ಇವರಿಗಾಗಿ ಪಕ್ವಾನ್ನ ಬೇಕಿಲ್ಲ. ಅವಲಕ್ಕಿಯಿದ್ದರೆ ಅವಲಕ್ಕಿ, ಒಂದು ಲೋಟ ಬಿಸಿ ಹಾಲು, ಪಡಸಾಲೆಯಲ್ಲಿ ಒಂದು ಜಮಖಾನ. ಅವರು ತಂಗುವುದೂ ಸರಿಯಾಗಿ ಒಂದೇ ರಾತ್ರಿ. ಐದೂವರೆಗೆ ಎದ್ದು ಮುಖ ತೊಳೆದು ಕಾಫಿ ಕುಡಿದು ಹೊರಟರೆ, ಅವರು ತಲಪುವ ವೇಳೆಗೆ ದ್ವಾರವು ತೆರೆದಿರುತ್ತದೆ.